ಎದುರು ಪಕ್ಷದ ಇನಾಯತ್

ಕಲಬುರ್ಗಿ, ಶನಿವಾರ

ಕಮಲಾಪುರದ ಅಪ್ಪನವರಿಗೆ ಕಾಶಿರಾಯ ಮಾಡುವ ನಮಸ್ಕಾರ.

ಇಲ್ಲಿ ಕಾಲೇಜು ಬಿಟ್ಟ ಮೇಲೆ ಹುಡುಗರೇ ಚರ್ಚೆಯ ಕೂಟ ನಡೆಸುತ್ತಾರೆ. ಸೋಜಿಗವೆಂದರೆ, ಮನಸ್ಸಿನಲ್ಲಿ ಏನೇ ಇರಲಿ, ಚೀಟಿ ಎತ್ತಿದಾಗ ಬಂದ ಪಕ್ಷವನ್ನೇ ವಾದಿಸಬೇಕು. ನಿನ್ನೆ ಹೆಣ್ಣುಮಕ್ಕಳಿಗೆ ಓದು ಬೇಕೆನ್ನುವ ಪಕ್ಷ ನನಗೆ ಬಂತು. ಕೂಟ ಉರ್ದುವಿನಲ್ಲೇ ನಡೆಯುವುದರಿಂದ ಅರೆಬರೆ ಉರ್ದುವಿನಲ್ಲಿ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಆಗ ಎದುರು ಪಕ್ಷದ ಇನಾಯತ್ ಎದ್ದು ಕನ್ನಡದಲ್ಲೇ ಕೇಳಿದ:

"ನಿನ್ನ ತಂಗಿ ಸಾಲಿಗಿ ಹೋಗ್ತಾಳೇನು?"

ಇಲ್ಲವೆಂದು ಒಪ್ಪಿ ಕುಳಿತುಬಿಟ್ಟೆ. ಅವನೇ ಗೆದ್ದ.

ಹೊರಗೆ ಬಂದಾಗ, "ನಿನ್ನ ತಂಗಿ?" ಎಂದೆ.

"ಮೆಹರುನ್ನಿಸಾ ದಿನಾ ಹೋಗ್ತಾಳ. ನಾನೇ ಬಿಟ್ಟು ಬರ್ತೀನಿ," ಎಂದು ನಕ್ಕ.

ಹಿಂದಿನ ಪತ್ರದಲ್ಲಿ ಬರೆದಿದ್ದ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಟಪಾಲಿನವನು ಬಾಗಿಲಲ್ಲಿದ್ದಾನೆ. ತಂಗಿ ಚಂದಮ್ಮನನ್ನು ಸೋಮವಾರವೇ ಸಾಲೆಗೆ ಸೇರಿಸಿರಿ.