ಬಾಣದ ಗುರುತನ್ನು ಅಳಿಸಿದ ಒಂಬತ್ತು ಮಂದಿಗೆ

ಮೂರನೆಯ ತೂಬು, ಉಪ್ಪಿನಾಗರ
೯ ಮಾರ್ಚ್ ೨೨೧೯

ನೀವು ಮಾಡಿದ್ದು ತಪ್ಪು. ‘ಹರಿವು’ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಬಾಣದ ಗುರುತನ್ನು ನೀವು ಒಂಬತ್ತು ಮಂದಿ ಮುಚ್ಚಿದ ಕೋಣೆಯಲ್ಲಿ ಕುಳಿತು ತೆಗೆದುಹಾಕಿದಿರಿ. ಆ ಭಾಷೆಯಲ್ಲಿ ದಿನವೂ ಬರೆಯುತ್ತಿದ್ದವರನ್ನು ಒಂದು ಮಾತು ಕೇಳಲಿಲ್ಲ. ಇನ್ನೂರು ವರ್ಷ ಆಚೆಯಿಂದ ಬೈಯುತ್ತಿದ್ದೇನೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಅದಕ್ಕೆ ಮಾತ್ರ ಕ್ಷಮೆಯಿರಲಿ.

ನಾನು ರಾಕಮ್ಮ, ವಯಸ್ಸು ಹತ್ತೊಂಬತ್ತು. ಶಾಲೆ ಕಲಿಸಿದ್ದಕ್ಕಿಂತ ಬಾಣ ಮರಳಿ ಬರಲಿ ಎಂದು ತೂಬುಮನೆಯ ಗೋಡೆಗೆ ಅಂಟಿಸಿದ ಕರಪತ್ರಗಳು ನನಗೆ ಕಲಿಸಿದ್ದು ಹೆಚ್ಚು. ಸಮುದ್ರ ಏರಿದ ಮೇಲೆ ಇಲ್ಲಿನ ಉಪ್ಪಿನ ಗದ್ದೆಗಳ ತೂಬುಗಳೆಲ್ಲ ಹರಿವಿನಲ್ಲೇ ನಡೆಯುತ್ತವೆ. ಬಾಣವಿದ್ದಿದ್ದರೆ ಉಬ್ಬರವನ್ನು ಅಳೆ, ಕೆಸರು ಇಳಿಸು, ಗದ್ದೆಗೆ ಬಿಡು ಎಂದು, ಒಂದು ಕೆಲಸದ ಫಲವನ್ನು ಮುಂದಿನ ಕೆಲಸದ ಕೈಗೆ ಕೊಡುತ್ತ, ನೀರು ಹೋಗುವ ದಾರಿಯಲ್ಲೇ ಬರೆಯಬಹುದಿತ್ತು. ನಿಮ್ಮ ಮಾನಕದಲ್ಲಿ ಕೊನೆಯ ಕೆಲಸ ಮೊದಲು ಬರುತ್ತದೆ, ಆವರಣ ಚಿಹ್ನೆಯೊಳಗೆ ಆವರಣ ಚಿಹ್ನೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಯಾರೋ ಒಂದು ಆವರಣ ಚಿಹ್ನೆಯನ್ನು ತಪ್ಪು ಕಡೆ ಮುಚ್ಚಿದರು. ಗದ್ದೆಯಲ್ಲಿ ಕಟ್ಟಿದ್ದ ಉಪ್ಪೆಲ್ಲ ಒಂದೇ ಬೆಳಿಗ್ಗೆ ಕರಗಿಹೋಯಿತು.

ಅಂದಿನಿಂದ ನಮ್ಮಲ್ಲಿ ‘ಓದುಕಟ್ಟೆ’ ಇದೆ. ಭಾಷೆಯಲ್ಲಿ ಏನನ್ನೇ ಬದಲಿಸಬೇಕೆನ್ನುವವರು ಅತಿ ಹಳೆಯದಾದ ಮೂರನೆಯ ತೂಬಿನ ಪ್ರೋಗ್ರಾಮನ್ನು ಹೊಸ ರೀತಿಯಲ್ಲಿ ಕೈಯಾರೆ ಬರೆದು ತರಬೇಕು. ತೂಬು ಕಾಯುವವರು ಅದನ್ನು ಗಟ್ಟಿಯಾಗಿ ಓದುತ್ತ, ನೀರು ಎತ್ತ ಹೋಗುತ್ತದೆಂದು ಬದುವಿನ ಮೇಲೆ ಬರಿಗಾಲಲ್ಲಿ ನಡೆದು ತೋರಿಸಬೇಕು. ಕಾಲು ತಡೆದರೆ ತಿದ್ದುಪಡಿ ಬಿತ್ತು. ಪದವಿ, ಹುದ್ದೆ ಯಾವುದೂ ಅಲ್ಲಿ ನಡೆಯುವುದಿಲ್ಲ.

ಕಳೆದ ತಿಂಗಳು ಬಾಣವನ್ನು ಮರಳಿ ತರಲು ನಾನೇ ನಿಂತೆ. ಕರಪತ್ರದ ಹುರುಪಿನಲ್ಲಿ ಹನ್ನೊಂದು ಕೆಲಸಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದ್ದೆ. ತೂಬು ಕಾಯುವ ಬೀರಣ್ಣ ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟರು. “ತಂಗಿ, ನೀರು ಎಲ್ಲಿ ನಿಲ್ತದೆ ಅಂತೇ ಕಾಣೂದಿಲ್ಲ ಇದ್ರಲ್ಲಿ. ಗಡಿಬಿಡಿ ನಿಂಗೆ, ನೀರಿಗಲ್ಲ,” ಎಂದರು. “ಕರಪತ್ರ ಬಿತ್ತಿದ್ರೆ ಉಪ್ಪು ಬೆಳಿತದೇನೆ?” ಎಂದು ಅವರ ಮಗಳು ಚುಚ್ಚಿದಳು. ಕಟ್ಟೆಯೆಲ್ಲ ನಕ್ಕಿತು. ನನ್ನ ತಿದ್ದುಪಡಿ ಬಿತ್ತು. ಎರಡು ದಿನ ಸಿಟ್ಟಿನಲ್ಲೇ ಬದು ಸುತ್ತಿದೆ. ಮೂರನೆಯ ದಿನ ಹೊಳೆಯಿತು: ನಿಮಗಿಲ್ಲದ ಕಟ್ಟಳೆ ನಮಗಿದೆ, ಅದು ನನ್ನನ್ನೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಹೆಮ್ಮೆ ನನಗೆ ಬೇರೆ ಇಲ್ಲ.

ಈಗ ಒಂದು ಕೆಲಸಕ್ಕೆ ಒಂದು ಸಾಲಿನಂತೆ ಬರೆದಿದ್ದೇನೆ. ನೀರು ನಿಲ್ಲುವಲ್ಲೆಲ್ಲ ಸಾಲೂ ನಿಲ್ಲುತ್ತದೆ. ಎರಡನೆಯ ಓದಿನಲ್ಲೂ ಬಿದ್ದದ್ದನ್ನು ಮೂವತ್ತು ವರ್ಷ ಯಾರೂ ಎತ್ತುವಂತಿಲ್ಲ. ಬೀರಣ್ಣನ ಕಾಲು ತಡೆಯಬಾರದು, ಅಷ್ಟೇ. ನಿಮಗಾಗಿ ಒಂಬತ್ತು ಚಾಪೆ ಹಾಸಿಡುತ್ತೇನೆ. ಚಪ್ಪಲಿ ಕಳಚಿ ಬನ್ನಿ, ಅವರ ಹಿಂದೆ ಬದುವಿನ ಮೇಲೆ ನಡೆಯಿರಿ.

ಎರಡನೆಯ ಓದು: ಮೂರನೆಯ ತೂಬು. ಮಾರ್ಚ್ ೧೮, ಗುರುವಾರ, ಬೆಳಿಗ್ಗೆ ಏಳೂವರೆ.