ಎರಡನೇ ನಂಬರ್

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನೂ ನಿನ್ನ ಮಗಳು ಚೂಟಿಯೂ ಒಳಗಿನಿಂದ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಇಷ್ಟು ದಿನ ನನ್ನಿಂದ ಒಂದು ಮೆಸೇಜೂ ಇಲ್ಲ, ಈಗ ನೋಡಿದರೆ ಕಾಗದ. ಅದೂ ಕೋಳಿ ಕೆದರಿದಂಥ ಅಕ್ಷರ. ಎಡಗೈಯಲ್ಲಿ ಬರೆದದ್ದು, ಬೈಯಬೇಡ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ.

ಇದನ್ನು ನಿನ್ನ ಗೆಳತಿ ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನಿರುವ ಜಾಗ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಹಾಗೇ ಇರಲಿ. "ಎಲ್ಲಿಗೆ ಹೋಗ್ತೀಯ ಅಂತ ನಂಗೆ ಹೇಳ್ಬೇಡ, ಯಾರಾದ್ರೂ ಕೇಳಿದ್ರೆ ನನ್ನ ಬಾಯಲ್ಲಿ ಸುಳ್ಳು ನಿಲ್ಲಲ್ಲ" ಎಂದು ನಾನೇ ಅಂದಿದ್ದೆನಲ್ಲ. ಅಳುತ್ತಿದ್ದವಳು ನಕ್ಕುಬಿಟ್ಟೆ ನೀನು. "ಮೇಷ್ಟ್ರು ದಿನಾ ಬರ್ತಾರಾ ಅಂತ ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಇಲ್ಲ ಅಂತ ನಿಜ ಹೇಳಿ, ಮೇಷ್ಟ್ರ ಒದೆ ತಿಂದು ಸ್ಕೂಲನ್ನೇ ಬಿಟ್ಟು ಬಂದ ಮಹಾರಾಯ ಅಲ್ವಾ" ಎಂದೆ.

ನಮ್ಮ ಫೋನ್ ರಿಪೇರಿ ಅಂಗಡಿ ಹಾಗೇ ಇದೆ. ಗಾಜಿನ ಕೌಂಟರ್ ಒಂದು ಹೊಸದು. ಓನರ್ ನನ್ನನ್ನು ಗೂಢಚಾರಿ ಎಂದು ಕರೆಯುತ್ತಿದ್ದದ್ದು ನಿನಗೆ ಗೊತ್ತು. "ಊರೆಲ್ಲ ಕಂಪನಿ ಕೊಟ್ಟ ಫೋನ್ ಇಟ್ಕೊಂಡು ಸುಖವಾಗಿದೆ. ನಿನ್ನೊಬ್ಬಂದೇ, ಬ್ಯಾಂಕ್ ಆಪೂ ಓಡದ ಫೋನು" ಎನ್ನುತ್ತಿದ್ದರು. ಓಡುವುದಿಲ್ಲ, ನಿಜ. ಬ್ಯಾಂಕಿಗೆ ನಡೆದು ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಮ್ಯಾಪ್ ಕೂಡ ಒಮ್ಮೊಮ್ಮೆ ಗೋಡೆಯೊಳಗೆ ನುಗ್ಗು ಎನ್ನುತ್ತದೆ. ಆದರೆ ಕಂಪನಿಯದನ್ನು ತೆಗೆದು ನಾನೇ ಹಾಕಿಕೊಂಡ ಈ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಒಳಗೊಂದು ಹೊರಗೊಂದು ಇಲ್ಲ. ಅದಕ್ಕೇ ನನಗೆ ಹಿಡಿಸಿದ್ದು.

ನೀನು ಊದಿದ ಕಿವಿಯೊಂದಿಗೆ ಅಂಗಡಿಗೆ ಬಂದ ದಿನ ನೆನಪಿದೆಯಾ? "ನಾನು ಯಾರ ಹತ್ರ ಏನ್ ಮಾತಾಡಿದ್ರೂ ನಿಮ್ಮ ಬಾವಂಗೆ ಹೇಗೆ ತಿಳಿಯುತ್ತೋ" ಎಂದೆ. ನಿನ್ನ ಫೋನಿನಲ್ಲಿ ಕ್ಯಾಲ್ಕುಲೇಟರ್ ವೇಷದಲ್ಲಿ ಕೂತಿತ್ತು ಆ ಆಪ್. ನೀನು ಬರೆದ ಪ್ರತಿ ಮಾತು, ಇಟ್ಟ ಪ್ರತಿ ಹೆಜ್ಜೆ ಅವನಿಗೆ ಹೋಗುತ್ತಿತ್ತು. ಎಲ್ಲವನ್ನೂ ಒರೆಸಿ ನನ್ನ ಸಾಫ್ಟ್‌ವೇರನ್ನೇ ನಿನಗೂ ಹಾಕಿದೆ. ಎರಡು ನಂಬರ್ ಇಡಬೇಕು, ಮೊದಲನೆಯದು ಫೋನ್ ತೆರೆಯುತ್ತದೆ, ಎರಡನೆಯದು ಒಳಗಿರುವುದನ್ನೆಲ್ಲ ಅಳಿಸುತ್ತದೆ ಎಂದಾಗ ನೀನು, "ಮನೆಗೆ ಎರಡು ಬಾಗಿಲು ಸರಿ, ಮನೇನೇ ಸುಡೋ ಬಾಗಿಲು ಯಾಕಪ್ಪಾ?" ಎಂದಿದ್ದೆ.

ಯಾಕೆಂದು ಈಗ ಹೇಳುತ್ತೇನೆ.

ಗುರುವಾರ ಓನರ್ ಸಾಮಾನು ತರಲು ಹೋಗಿದ್ದರು. ಬಾವ ಬಂದ. ಜೊತೆಗೆ ಇನ್ನೊಬ್ಬರು ಇದ್ದರು, ಅವರ ವಿಷಯ ಆಮೇಲೆ. ಶಟರ್ ಕೆಳಗೆ ಬಂತು. ಬಾವ ನನ್ನ ಕೂದಲು ಹಿಡಿದು ಮುಖವನ್ನು ಕೌಂಟರಿಗೆ ಅಪ್ಪಳಿಸಿದ. ಗಾಜು ಒಡೆಯಿತು, ನನ್ನ ಮುಂದಿನ ಹಲ್ಲೂ ಹೋಯಿತು. ಈಗ ಚೂಟಿಗೂ ನನಗೂ ಒಂದೇ ನಗು.

"ಎಲ್ಲಿದ್ದಾಳೋ ಅವಳು?"

"ಗೊತ್ತಿಲ್ಲ."

"ಬೊಗಳೋ!"

"ಗೊತ್ತಿದ್ರೆ ಗೊತ್ತು, ಆದ್ರೆ ಹೇಳಲ್ಲ ಅಂತಿದ್ದೆ. ನಿಜವಾಗ್ಲೂ ಗೊತ್ತಿಲ್ಲ ಬಾವ."

ಅವನು ನನ್ನ ಫೋನ್ ಕಿತ್ತುಕೊಂಡ. ಚೂಟಿ ಬಿದ್ದ ಹಲ್ಲು ತೋರಿಸುತ್ತಾ ನಿಂತ ಫೋಟೋ ಕಳಿಸಿದ್ದೆಯಲ್ಲ, ಅದು ಅದರೊಳಗಿತ್ತು. ಅವಳ ಹಿಂದೆ ಸ್ಕೂಲಿನ ಬೋರ್ಡ್, ಓದುವಷ್ಟು ದೊಡ್ಡದಾಗಿ. ಓದಿದರೆ ಊರು ತಿಳಿದುಬಿಡುತ್ತದೆಂದು ನಾನು ಅದರ ಮೇಲೆ ಬೆರಳು ಅಡ್ಡ ಇಟ್ಟೇ ಅವಳ ನಗು ನೋಡುತ್ತಿದ್ದೆ. ವಾರವಾದ ಮೇಲೆ ತಾನಾಗಿ ಅಳಿಸಿಹೋಗಬೇಕಾದದ್ದನ್ನು ಆಸೆಗೆ ಬಿದ್ದು ಉಳಿಸಿಕೊಂಡಿದ್ದೆ. ಅದೊಂದು ಸಾಕಿತ್ತು ಅವನಿಗೆ. ನನ್ನ ಹೆಬ್ಬೆರಳನ್ನು ಪರದೆಗೆ ಒತ್ತಿದ. ತೆರೆಯಲಿಲ್ಲ.

"ಬೆರಳಿಗೆ ತೆರೆಯಲ್ಲ ಬಾವ. ನಂಬರ್ ಹಾಕ್ಬೇಕು."

"ಹಂಗಾದ್ರೆ ಈ ಬೆರಳು ನಿಂಗ್ಯಾಕೆ?" ಎಂದು ಶಟರಿನ ಬೀಗ ಬಡಿಯುವ ಸುತ್ತಿಗೆ ಎತ್ತಿಕೊಂಡ.

ಒಣಕಡ್ಡಿ ಮುರಿದ ಹಾಗೆ ಎನ್ನುತ್ತಾರಲ್ಲ, ಹಾಗೇನೂ ಇಲ್ಲ ಅಕ್ಕ. ಹಸಿ ಸದ್ದು. ಮೊದಲನೆಯದಕ್ಕೆ ಕಿರುಚಿದೆ, ಎರಡನೆಯದಕ್ಕೆ ಚಡ್ಡಿ ಒದ್ದೆಯಾಯಿತು. ನನ್ನನ್ನು ಧೈರ್ಯವಂತ ಎಂದುಕೊಳ್ಳಬೇಡ. ಮೂರನೇ ಬೆರಳಿಗೆ, ಫೋನ್ ತೆರೆಯುವ ನಂಬರೇ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ನೀನು ಹೇಳಿದ ಸುಡುವ ಬಾಗಿಲು ನೆನಪಾಯಿತು. ಎರಡನೇ ನಂಬರ್ ಹೇಳಿದೆ.

"ಇದೇನಾ ನಂಬರ್ರು?"

"ನಾನೇ ಇಟ್ಟಿದ್ದು."

ಬಾವನಿಗೆ ಅನುಮಾನ. ಆಗ ಶಟರಿನ ಕಡೆಯಿಂದ ಒಂದು ದನಿ, "ಅವನು ಸುಳ್ಳು ಹೇಳೋದಿಲ್ಲ. ಹಾಕಿ ನೋಡಿ" ಎಂದಿತು.

ಹಾಕಿದ. ಪರದೆ ಕಪ್ಪಾಯಿತು.

"ಏನಾಯ್ತೋ ಇದಕ್ಕೆ?"

"ಎಲ್ಲ ಅಳಿಸಿ ಹೋಯ್ತು ಬಾವ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಲ್ಕನೇ ಬೆರಳು ಹೋದದ್ದು ಅದಕ್ಕೇ.

ಫೋಟೋ ಹೋಯಿತು. ನಿನ್ನ ನಂಬರ್ ನನಗೆ ಬಾಯಿಪಾಠ ಇರಲಿಲ್ಲ, ಅದೂ ಹೋಯಿತು. ಆದರೆ ಸ್ಕೂಲಿನ ಹೆಸರು ಅವನ ಕಣ್ಣಿಗೆ ಬೀಳಲಿಲ್ಲ. ಇಷ್ಟು ಸತ್ಯ. ಚೂಟಿಯನ್ನು ಸ್ಕೂಲಿಗೆ ಕಳಿಸು, ಹೆದರಬೇಡ. ಇನ್ನು ಫೋಟೋ ತೆಗೆಯುವುದಾದರೆ ಬರೀ ಗೋಡೆಯ ಮುಂದೆ ನಿಲ್ಲಿಸಿ ತೆಗಿ.

ಎರಡು ಬೆರಳು ಮೊದಲಿನಂತೆ ಮಡಚುತ್ತವಂತೆ, ಉಳಿದವುಗಳದ್ದು ಹೇಳಲಾಗದಂತೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕೆಲಸ ಎಡಗೈಗೆ ಕಲಿಸಬೇಕು. ಓನರ್ ಈಗ ಗೂಢಚಾರಿ ಎನ್ನುವುದಿಲ್ಲ. ನಿನ್ನೆ ಮಗಳ ಫೋನ್ ತಂದು ಮುಂದಿಟ್ಟು, "ಇದಕ್ಕೂ ನಿನ್ನ ಸಾಫ್ಟ್‌ವೇರ್ ಹಾಕೋಣ. ನೀ ಹೇಳ್ತಾ ಹೋಗು, ನಾ ಒತ್ತುತೀನಿ" ಎಂದರು. ಹಾಳಾದವರು ಎಲ್ಲ ತಪ್ಪು ತಪ್ಪೇ ಒತ್ತಿದರು. ನಕ್ಕರೆ ತುಟಿಯ ಹೊಲಿಗೆ ಎಳೆಯುತ್ತದೆ ಎಂದು ಬೈಯುತ್ತಾ ಕೂತೆ.

ಪೊಲೀಸರಿಗೆ ದೂರು ಕೊಟ್ಟೆಯಾ ಎಂದು ಕೇಳುತ್ತೀಯ. ಇಲ್ಲ. ಕಾರಣ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಲೇ ಇಲ್ಲಿಯವರೆಗೆ ಬಂದೆ.

ಚೂಟಿಗೆ ಈ ಬೊಚ್ಚುಬಾಯಿ ಮಾಮನ ಮುತ್ತು. ಅವಳು ಯಾರಿಗೂ ಅಂಜದೆ ಬೆಳೆಯಲಿ. ನಿನಗೆ ಹರಸುವಷ್ಟು ದೊಡ್ಡವನಲ್ಲ ನಾನು, ನೀನೇ ನನ್ನ ತಲೆ ಮೇಲೆ ಕೈಯಿಟ್ಟೆ ಎಂದುಕೊಳ್ಳುತ್ತೇನೆ.

ನಿನ್ನ ತಮ್ಮ,
ಮೊಂಡ

ತಾ.ಕ.: ಶಟರ್ ಎಳೆದದ್ದು ಅಪ್ಪ. ಒಳಗಿನಿಂದ ಅದಕ್ಕೆ ಬೆನ್ನು ಕೊಟ್ಟು, ಕೊನೆಯವರೆಗೂ ನೆಲ ನೋಡುತ್ತಾ ನಿಂತಿದ್ದರು. ಬಾವ ಹೋದ ಮೇಲೆ ತಮ್ಮ ಟವೆಲನ್ನು ನನ್ನ ಕೈಗೆ ಸುತ್ತಿ, ಆಸ್ಪತ್ರೆಗೂ ಅವರೇ ಕರೆದುಕೊಂಡು ಹೋದರು. ದಾರಿಯಲ್ಲಿ, "ಏಣಿ ಮೇಲಿಂದ ಬಿದ್ದೆ ಅನ್ನು ಮಗಾ. ಮನೆ ಮಾತು ಬೀದಿಗೆ ಬರೋದು ಬೇಡ" ಎಂದರು. ಡಾಕ್ಟರ್ ಕೇಳಿದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಏಣಿ ಮೇಲಿಂದ ಬಿದ್ದೆ ಎಂದೆ. ಡಾಕ್ಟರ್ ಹಾಗೇ ಬರೆದುಕೊಂಡರು. ಸುಳ್ಳು ಇಷ್ಟು ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ ಅಕ್ಕ.