ಬಕೆಟ್ಟಿನ ಗೊಬ್ಬರ

ಶ್ರೀ ತಿಪ್ಪೇರುದ್ರಸ್ವಾಮಿ ಕಾಪಾಡಲಿ

ಚಳ್ಳಕೆರೆ
12-11-2025

ನಮ್ಮ ಮನೆಯ ದಿವ್ಯಾಳಿಗೆ ನಿನ್ನ ಅತ್ತೆ ಸೂರಮ್ಮನ ಆಶೀರ್ವಾದ.

ರಾಂಪುರದಲ್ಲಿ ನಿಮ್ಮ ಅವ್ವ, ಅಪ್ಪ ಆರೋಗ್ಯವೇ? ನೀನು ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ದಸರಾಕ್ಕೇ ಬರೆಯಬೇಕಿತ್ತು, ಕೈ ಬರಲಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿಯದೆ ಪೂರ್ತಿ ಓದು.

ಸುದ್ದಿ ಹೇಳುತ್ತೇನೆ, ನಗಬೇಡ. ನಾನು ಯೂರಿಯಾ ಬಿಟ್ಟೆ! ನೀನು ಹೇಳುತ್ತಿದ್ದ ಹಾಗೆಯೇ ಹಿತ್ತಲಲ್ಲಿ ಗುಂಡಿ ತೋಡಿಸಿ, ತರಕಾರಿ ಸಿಪ್ಪೆ, ಒಣಗಿದ ಎಲೆ, ಸಗಣಿ ಹಾಕಿ ಮೇಲೆ ಮಣ್ಣು ಎಳೆಯುತ್ತೇನೆ. ನಿನ್ನ ಗಂಡ ಓಬಳೇಶ ಅವನ ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ತಂದ. ಜಾಸ್ತಿ ಹಾಕಿದರೆ ಜಾಸ್ತಿ ಕಾಯಿ ಅಂದುಕೊಂಡು ಬದನೆ ಬುಡಕ್ಕೆ ಬೊಗಸೆ ಬೊಗಸೆ ಸುರಿದೆ. ಬೀದಿ ನಾಯಿಗಳೆಲ್ಲ ಬಂದು ಗಿಡ ಕೆದರಿ, ಹಿಂಡಿ ತಿಂದು ಹೋದವು! ಈಗ ನಾಲ್ಕು ದಿನ ನೆನೆಸಿ, ನೀರು ಬೆರೆಸಿ ಹಾಕುತ್ತೇನೆ. ಮತ್ತೆ ನೆಟ್ಟ ಬದನೆಯನ್ನು ನೀನು ನೋಡಬೇಕು, ಒಂದೊಂದು ಎಲೆ ಎರಡು ಅಂಗೈ ಅಗಲ.

ಪಕ್ಕದ ಮನೆ ಕೆಂಚಕ್ಕ ಮೂಗು ಮುಚ್ಚಿಕೊಂಡು, "ಏನೇ ಸೂರಮ್ಮ, ಮನೆ ಹಿಂದೇನೆ ತಿಪ್ಪೆ ಮಾಡ್ಕಂಡೀಯಲ್ಲೇ" ಅಂದಳು.

"ನಮ್ಮ ತಿಪ್ಪೇಸ್ವಾಮಿ ಹೆಸ್ರಾಗೇ ತಿಪ್ಪೆ ಐತೆ, ನಂದೇನು ಬಿಡೇ" ಅಂದೆ.

ಈಗ ಅವಳೇ ದಿನಾ ಸಿಪ್ಪೆ ತಂದು ಸುರಿದು, ಬದನೆಕಾಯಿ ಒಯ್ಯುತ್ತಾಳೆ.

ದೇವರ ಮೇಲಿಂದ ತೆಗೆದ ಹೂವನ್ನು ಗುಂಡಿಗೆ ಹಾಕಲು ಮಾತ್ರ ಭಯವಿತ್ತು, ತುಳಿಯಬಾರದಲ್ಲ. ಪೂಜಾರಪ್ಪನವರನ್ನು ಕೇಳಿದೆ. "ಬಾವಿಗೆ ಹಾಕಿ ಕೊಳೆಸೋ ಬದ್ಲು ಗಿಡಕ್ಕೆ ಹಾಕವ್ವ, ಮತ್ತೆ ಹೂವಾಗಿ ಬರ್ತಾವೆ" ಅಂದರು. ಅವತ್ತೇ ಬುಟ್ಟಿ ಹೂವು ಗುಂಡಿಗೆ ಹಾಕಿದೆ. ಇವತ್ತು ಪೂಜೆಗಿಟ್ಟ ಸೇವಂತಿಗೆ ಅದೇ ಗೊಬ್ಬರದ್ದು.

ಓಬಳೇಶ ಚೆನ್ನಾಗಿದ್ದಾನೆ. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡುತ್ತಾನೆ, ಅಷ್ಟೇ. ಸ್ವಾಮಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಸೂರಮ್ಮ

ಇನ್ನೊಂದು ಮಾತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ನೀನು ಗೊಬ್ಬರಕ್ಕೆಂದು ಸಿಪ್ಪೆ ತುಂಬಿಟ್ಟಿದ್ದ ಬಕೆಟ್ಟನ್ನು ಕಾಂಪೌಂಡಿನ ಮೂಲೆಯಲ್ಲಿ ಬೋರಲು ಹಾಕಿ, "ಮದುವೆಯಾಗಿ ಮೂರು ವರ್ಷ ಆತು, ನಿನ್ ಕೈಯಾಗೆ ಏನ್ ಚಿಗುರೈತೆ ಹೇಳು" ಅಂದೆ. ಮಕ್ಕಳಾಗಲಿಲ್ಲ ಅಂತಲೇ ಅಂದದ್ದು, ಸುಳ್ಳು ಹೇಳಲಾರೆ. ಸಂಜೆಗೆ ನೀನು ಬಸ್ಸು ಹತ್ತಿದೆ. ತಪ್ಪಾಯಿತು ತಾಯಿ.

ಆ ಮೂಲೆಯಲ್ಲಿ ಯಾರೂ ಬೀಜ ಹಾಕದೆ ಕುಂಬಳದ ಬಳ್ಳಿ ಎದ್ದಿತು. ಅದನ್ನು ನೋಡಿಯೇ ನಾನು ಗುಂಡಿ ತೋಡಿಸಿದ್ದು. ಈಗ ಒಂದು ಕಾಯಿ ಬಲಿತಿದೆ. ಮೊದಲ ಕಾಯಿ ದೇವರಿಗೆ ಅನ್ನುವವಳು ನಾನೇ. ಆದರೆ ಇದು ನಿನ್ನ ಬಕೆಟ್ಟಿನದು. ನೀನು ಬಂದು ಕೀಳುವವರೆಗೆ ಸ್ವಾಮಿಯೂ ಕಾಯಲಿ.